ಹುಲ್ಲಿಲ್ಲದ ಜಾಗ

ಕ್ಲಬ್ಬಿಗೆ ನೂರು ತುಂಬಿತಂತೆ. ಸ್ಮರಣ ಸಂಚಿಕೆಗೆ
ಒಂದು ಪುಟ ಬರೆದುಕೊಡಿ ಅಂದ ಕಾರ್ಯದರ್ಶಿ.
ಐವತ್ತೊಂದು ವರ್ಷ ಟಿಕೆಟ್ ಹರಿದವಳು ನಾನು, ದ್ರಹೊಮೀರಾ.
ನನಗೆ ಗೊತ್ತಿರುವ ಚರಿತ್ರೆಯೆಲ್ಲ ಒಂದು ಕಿಟಕಿಯಗಲ:
ಕೈಗಳು ತಾವಾಗಿ ಕಾಣುತ್ತವೆ, ಮುಖ ಬೇಕೆಂದರೆ ಬಗ್ಗಬೇಕು.

ಮೊದಲು ಹುಟ್ಟಿದ್ದು ಕ್ಲಬ್ಬಲ್ಲ, ಜಗಳ.
ದ್ರೆಮಿನ್ ಪೇಟೆಯ ಬಿಯರಂಗಡಿ, ಹನ್ನೆರಡನೆಯ ಇಸವಿ,
ಅಂಗಿ ನೀಲಿಯೋ ಹಸಿರೋ ಎಂದು ಕುರ್ಚಿ ಮುರಿದವು.
ಬಟ್ಟೆಯಂಗಡಿಯಲ್ಲಿ ಉಳಿದಿದ್ದ ಥಾನು ಹಳದಿ.
ಹಾಗಾಗಿ ಹಳದಿ.
ಕಲ್ಲಿದ್ದಲ ಮಸಿಯ ಊರಿನಲ್ಲಿ ಹಳದಿ!
ಒಗೆಯುವ ಹೆಂಗಸರನ್ನು ಯಾರೂ ಕೇಳಲಿಲ್ಲ.

ಮೂವತ್ತನಾಲ್ಕರ ಒಂದು ಫೋಟೋ ಇದೆ.
ಚೆಂಡನ್ನು ಕೂಸಿನಂತೆ ಅವುಚಿಕೊಂಡವನು
ಗೋಲಿ ವೆಂಡೆಲಿನ್, ನನ್ನಪ್ಪ; ವಾರವೆಲ್ಲ ಗಣಿಯಲ್ಲಿ.
ಎಡದಿಂದ ಎರಡನೆಯವನು ಎರ್ವಿನ್ ಲೀಬ್ಲಿಖ್, ಗುಂಡಿ ಮಾರುವವರ ಮಗ,
ಕಾರ್ನರಿನಿಂದ ನೇರ ಬಾಗಿಸಿ ಗೋಲು ಹೊಡೆದನಂತೆ, ಎರಡು ಸಲ.
ನಾಲ್ಕು ವರ್ಷದ ಮೇಲೆ ಗಡಿಯೇ ನಡೆದು ಬಂತು ಊರೊಳಕ್ಕೆ.
ನಮ್ಮವರು ಗಂಟುಮೂಟೆ ಕಟ್ಟಿದರು.
ಎರ್ವಿನ್ನನ ರೈಲು ಬೇರೆ ದಿಕ್ಕಿನದು.
ಯುದ್ಧ ಮುಗಿದು ಮೊದಲ ಆಟಕ್ಕೆ ಅಪ್ಪ
ಹತ್ತೇ ಹೆಸರು ಬರೆದುಕೊಟ್ಟನಂತೆ.
"ಒಬ್ಬ ಕಡಿಮೆ" ಅಂದ ರೆಫರಿ.
"ಗೊತ್ತು" ಅಂದ ಅಪ್ಪ.

ಆಮೇಲೆ ಹೆಸರುಗಳ ಸುಗ್ಗಿ.
ಸೊಕೋಲ್ ಅಂದರು, ಬಾನಿಕ್ ಅಂದರು,
ನಡುವೆ ಒಂದು ಉದ್ದದ್ದು, ಬಾಯಿಪಾಠ ಆಗುವ ಮುಂಚೆ ಹೋಯಿತು.
ಪ್ರತಿ ಸಲ ಹೊಸ ರಬ್ಬರ್ ಮುದ್ರೆ; ಹಳೆಯವು ನನ್ನ ಡ್ರಾಯರಿನಲ್ಲಿವೆ.
ಕಿಟಕಿಗೆ ಬಂದ ಕೈಗಳು ಅಂದದ್ದು ಒಂದೇ:
"ಹಳದಿಯವರ ಆಟಕ್ಕೆ ಎರಡು."

ಎಪ್ಪತ್ತನಾಲ್ಕರಲ್ಲಿ ಊರಿನಡಿಯ ಇದ್ದಲು ಬೇಕಾಯಿತು.
ಇದ್ದಲಿದೆ ಎಂದು ಗೊತ್ತೇ ಇತ್ತು,
ಊರು ಬೇಡ ಎಂದು ಗೊತ್ತಾದದ್ದು ಆಗ.
ಚರ್ಚು, ಶಾಲೆ, ಆ ಬಿಯರಂಗಡಿ, ಎಲ್ಲಕ್ಕೂ ಡೈನಮೈಟು.
ಮೈದಾನವನ್ನು ಮಾತ್ರ, ಪಾಳಿ ಮುಗಿಸಿ ಬಂದ ಗಣಿಯವರು
ಚಾಪೆ ಸುತ್ತಿದ ಹಾಗೆ ಸುತ್ತಿ
ಹದಿನೇಳು ಲಾರಿಯಲ್ಲಿ ಹೊತ್ತೊಯ್ದು
ಕಾಂಕ್ರೀಟು ಮನೆಗಳ ನಡುವೆ ಹಾಸಿದರು.
ಹುಲ್ಲು ಬೇಗ ಬೇರುಬಿಟ್ಟಿತು. ಜನರಿಗೆ ಹೊತ್ತು ಹಿಡಿಯಿತು.

ಗೋಲಿನ ಬಾಯಲ್ಲಿ ಹುಲ್ಲಿರಲಿಲ್ಲ.
ಗೋಲಿಯ ಕಾಲು ಅಲ್ಲಿ ಏನನ್ನೂ ಬೆಳೆಯಗೊಡುವುದಿಲ್ಲ.
ಬೋಳು ಮಣ್ಣನ್ನು ಯಾರು ಸುತ್ತುತ್ತಾರೆ?
ಹದಿಮೂರು ವರ್ಷ ಅಪ್ಪ ಕಾದ ಆ ಮೊರದಗಲ ಜಾಗ
ಲಾರಿ ಹತ್ತಲಿಲ್ಲ.
ಮುಸ್ಸಂಜೆ ನಾನೇ ಬಕೆಟ್ ಹಿಡಿದು ಹೋದೆ.
ಕಾವಲಿನವ ಬ್ಯಾಟರಿ ಬಿಟ್ಟು ಕೇಳಿದ, "ಏನದು?"
"ಏನಿಲ್ಲ" ಅಂದೆ.
ಇಣುಕಿ ನೋಡಿ, ಹೌದೆಂದು ತಲೆಯಾಡಿಸಿ ಬಿಟ್ಟ.
ಹೊಸ ಗೋಲಿನ ಮುಂದೆ ಸುರಿದು ತುಳಿದೆ.
ಆ ಭಾನುವಾರ ಐದು ಗೋಲು ತಿಂದೆವು.

ತೊಂಬತ್ತರಾಚೆಯದನ್ನು ಬೇಗ ಹೇಳಿ ಮುಗಿಸುತ್ತೇನೆ.
ಪ್ಲಾಸ್ಟಿಕ್ ಕಿಟಕಿ ಮಾರುವ ಕಂಪನಿಯ ಹೆಸರು ಅಂಗಿಯ ಮೇಲೆ,
ಒಂದೇ ಒಂದು ವರ್ಷ ಮೇಲಿನ ಲೀಗು, ದೀಪದ ಕಂಬಗಳು, ಟೀವಿ,
ಆಮೇಲೆ ಒಡೆಯ ಕಾಣೆ, ಹನ್ನೊಂದು ತಿಂಗಳ ಸಂಬಳ ಬಾಕಿ.
ದೀಪ ಬಿಚ್ಚಿಕೊಂಡು ಹೋದರು. ಹೆಸರು ಹರಾಜಿಗೆ ಬಂತು.
ತಲಾ ಇನ್ನೂರು ಕೊರುನ ಹಾಕಿ ಕೊಂಡವರು ನಾವು,
ಕೊಳ್ಳಲು ಬೇರೆ ಯಾರೂ ಬಂದಿರಲಿಲ್ಲ.

ಹಳೆಯ ದ್ರೆಮಿನ್ ಈಗ ಸರೋವರ. ಗುಂಡಿಗೆ ನೀರು ಬಿಟ್ಟಿದ್ದಾರೆ,
ಹಾಯಿದೋಣಿ ಬಾಡಿಗೆಗೆ ಸಿಗುತ್ತದೆ.
ಹೋದ ಬೇಸಿಗೆ ಒಂದು ಗಂಟೆ ಕೂತೆ ದೋಣಿಯಲ್ಲಿ.
ಗೋಲು ಎಲ್ಲಿತ್ತೆಂದು ಅಂದಾಜು ಸಿಗಲಿಲ್ಲ.
ಹುಡುಗ ದುಡ್ಡು ಎಣಿಸಿಕೊಂಡು, ರಸೀದಿ ಕೊಟ್ಟ.

ಕಾರ್ಯದರ್ಶಿ ಓದಿ, "ಗೆದ್ದ ಕಪ್ಪುಗಳು?" ಅಂದ.
ಒಂದಿದೆ, ಐವತ್ತಾರರದ್ದು. ಇಗೋ ಇಲ್ಲಿ,
ಚಿಲ್ಲರೆ ಹಾಕಿಟ್ಟಿದ್ದೇನೆ ಅದರಲ್ಲಿ.
ಬೇಕಾದರೆ ಬರೆದುಕೋ.
ಈಗ ಸ್ವಲ್ಪ ಪಕ್ಕಕ್ಕೆ ಸರಿ, ಹಿಂದೆ ಸಾಲು ನಿಂತಿದೆ.
ಎಂಟೇ ಜನ, ಇರಲಿ.
ಸಾಲು ಅಂದರೆ ಸಾಲು.