ಬೆರಳಚ್ಚು

ಬಾಗಿಲು ಮುಚ್ಚಿದ ಮೇಲೆ ಒಳಗೆ ಏಳು ಜನ,
ಒಂದು ಫ್ಯಾನು.
ಆರೋಪಿಗೆ ಮಂಡಿನೋವು, ಕೂರಲು ಅನುಮತಿ ಇದೆ.
ಸಾಕ್ಷಿ ನಿಂತಿದ್ದಾಳೆ. ನಲವತ್ತೆರಡರ ಹೆಂಗಸು,
ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳಂತೆ.

ನನ್ನ ಪರದೆಯ ಮೇಲೆ ಅವಳಿಗೆ ಹೆಸರಿಲ್ಲ,
ಮೂರನೇ ಸಾಕ್ಷಿ.
ಅವನಿಗುಂಟು: ಕ್ರೀಡಾಂಗಣದ ಕಮಾನಿನ ಮೇಲೆ,
ನಗರಸಭೆಯ ಗೋಡೆಯ ಕಲ್ಲಿನಲ್ಲಿ,
ಪ್ರತಿ ನವೆಂಬರಿನ ಬ್ಯಾನರಿನಲ್ಲಿ
ಖೋಖೋ ಬಕ್ಕಪ್ಪ ಮೇಷ್ಟ್ರು.
ಹೊರಗೆ ಹೊಂಗೆ ಮರದಡಿ ಹಳೆಯ ಶಿಷ್ಯರು
ಶಾಲು ಹಿಡಿದು ನಿಂತಿದ್ದಾರೆ,
ಇವತ್ತೂ ಸನ್ಮಾನವಿದ್ದ ಹಾಗೆ.

ಪದ್ಧತಿ ಹೀಗೆ: ಅವಳು ಹೇಳಿದ್ದನ್ನು
ಸಾಹೇಬರು ಸೋಸಿ ಹೇಳುತ್ತಾರೆ, ನಾನು ಒತ್ತುತ್ತೇನೆ,
ಪ್ರತಿ ಸಾಲೂ "ನಾನು" ಎಂದೇ ಶುರು.
ನಾನು ಆಗ ಒಂಬತ್ತನೇ ತರಗತಿ.
ನಾನು ತಂಡದಲ್ಲಿ ಏಳನೇ ನಂಬರು.
ನಾನು ಸುಣ್ಣದ ಡಬ್ಬಿ ಇಡಲು ಸಾಮಾನಿನ ಕೋಣೆಗೆ ಹೋದೆ.
ಮುಂದಿನ ಪುಟ ಲಕೋಟೆಯೊಳಗಿದೆ, ಅರಗಿನ ಮೊಹರಿನಡಿ.
ಅಲ್ಲೇ ಇರಲಿ.

ಹದಿನೆಂಟು ವರ್ಷ ಬೇರೆಯವರ "ನಾನು" ಒತ್ತಿ ಒತ್ತಿ
ಆ ಎರಡು ಅಕ್ಷರ ನನಗೆ ಕೀಲಿಗಳ ಸದ್ದು ಮಾತ್ರ.

"ತಾರೀಕು?"
"ಗೊತ್ತಿಲ್ಲ ಸಾರ್. ಮಿಲ್ಲಿನ ಸೈರನ್ ಆಗಿತ್ತು, ಎರಡನೇ ಪಾಳಿದು.
ಅಪ್ಪ ಒಳಗೆ ಹೋಗಿರ್ತಾನೆ,
ಇನ್ನ ರಾತ್ರಿಗೇ ಬರೋದು ಅಂದ್ಕೊಂಡೆ."
"ಎಲ್ಲಿದೆ ಆ ಮಿಲ್ಲು?"
"ಇಲ್ಲ ಸಾರ್. ಕಲ್ಯಾಣ ಮಂಟಪ ಆಗಿದೆ."
ಬರ್ಕೊಳ್ಳಮ್ಮ: ದಿನಾಂಕ ನೆನಪಿಲ್ಲ. ಸಂಜೆಯ ಸಮಯ.
ಸೈರನ್ನಿಗೆ ಕಡತದಲ್ಲಿ ಜಾಗ ಸಿಗಲಿಲ್ಲ.

"ಕರೆದ ಕೂಡಲೇ ಯಾಕೆ ಹೋದ್ರಿ?"
"ಬೆನ್ನು ಮುಟ್ಟಿ ಖೋ ಅಂದ್ರೆ ಏಳ್ಬೇಕು ಸಾರ್.
ಯಾಕೆ ಅಂತ ಕೇಳಂಗಿಲ್ಲ.
ಅದನ್ನ ಕಲಿಸಿದ್ದೇ ಅವರು."
ಕುರ್ಚಿಯಲ್ಲಿದ್ದವನು ಮಂಡಿ ಉಜ್ಜಿಕೊಂಡ.

"ಇಪ್ಪತ್ತೆಂಟು ವರ್ಷ ಬಾಯಿಗೆ ಬೀಗ,
ಕಮಾನು ಕಟ್ಟಿದ ಮೇಲೆ ನೆನಪಾಯ್ತಾ?"
ಅವಳು ಸೆರಗಿನ ಅಂಚು ಮಡಿಸಿದಳು, ಬಿಚ್ಚಿದಳು, ಮಡಿಸಿದಳು.
ಏನೋ ಅಂದಳು. ಫ್ಯಾನು ಗರಗರ.
ಸಾಹೇಬರ ಬಾಯಿ ತೆರೆಯುವ ಮೊದಲೇ
ನನ್ನ ಬೆರಳು ಓಡಿತ್ತು.

ಕೊನೆಗೆ ಓದಿ ಹೇಳಬೇಕು, ಅದೂ ಪದ್ಧತಿ.
"ನಾನು ಯಾರಿಗೂ ಹೇಳಿರಲಿಲ್ಲ."
"ಹಂಗಲ್ಲಕ್ಕ," ಅಂದಳು.
"ಅವ್ವಗೆ ಹೇಳಿದ್ದೆ. ಹೆಡ್ ಮಿಸ್ಸಿಗೆ ಹೇಳಿದ್ದೆ.
ಯಾರೂ ಕೇಳಿರಲಿಲ್ಲ ಅಂದೆ ನಾನು."

"ಹೇ" ಅಳಿಸಿ "ಕೇ" ಮಾಡಿದೆ. "ರಿಗೂ" ಹೋಗಿ "ರೂ" ಆಯಿತು.
ಸಾಹೇಬರು ತಿದ್ದುಪಡಿಗೆ ಸಹಿ ಹಾಕಿದರು.
ಸಾಲಿನ ತಲೆಯಲ್ಲಿ "ನಾನು" ಒಂದೇ ಉಳಿಯಿತು,
ಅವಳದಲ್ಲದ್ದು.

ತಪ್ಪು ಕಿವಿಯದಲ್ಲ.
ಬೇರೆ ಊರು, ಬೇರೆ ಗಂಡಸು:
ಹರಿಹರದ ಟೈಪಿಂಗ್ ಕ್ಲಾಸು, ಗೋಡೆ ಕಡೆಯ ಕೊನೆಯ ಮಿಷನ್ನು,
ಬೆರಳು ಹಿಡಿದು ಕಲಿಸುತ್ತಿದ್ದ ಸರ್.
ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಅಪ್ಪ ಅವರಿಗೆ ಬಾಳೆಹಣ್ಣಿನ ಚಿಪ್ಪು ಕೊಟ್ಟ.

ಮುಂದಿನ ತಾರೀಕು ಹದಿನೇಳು ಅಂದರು.
ಒಬ್ಬೊಬ್ಬರೇ ಹೊರಟರು, ಮರದಡಿಯ ಶಾಲುಗಳೂ.
ನನ್ನ ಕುರ್ಚಿಯ ಹಿಂದೆ ಹಾದವಳು
ಒಂದು ಗಳಿಗೆ ನಿಂತಳು, ಬೆನ್ನು ಮುಟ್ಟಿದಳು:
"ಕುಡಿಯಾಕೆ ನೀರೈತಾ ಅಕ್ಕ?"

ಬಾಟಲಿ ಕೈಗೆಟುಕುವಷ್ಟು ಹತ್ತಿರವೇ ಇತ್ತು.
ಎದ್ದೆ.