ಬೆರಳ ಗೆಣ್ಣು

ಹೆಂಚು ಬೆಂದಿದೆಯೋ ಇಲ್ಲವೋ
ಕಣ್ಣು ಹೇಳುವುದಿಲ್ಲ ಅನ್ನುತ್ತಿದ್ದ ಅಪ್ಪ.
ಎಡಗೈಲಿ ತೂಗಿ ಹಿಡಿದು
ಬಲಗೈ ನಡುಬೆರಳ ಗೆಣ್ಣಿಂದ ಒಂದೇ ಏಟು.
ಠಣ್ ಅಂದರೆ ಲಾರಿಗೆ,
ಡಬ್ ಅಂದರೆ ತಿಪ್ಪೆಗೆ.

ಮಾಲೂರಿನ ಕಾರ್ಖಾನೆಗೆ
ಲೆಕ್ಕದ ಗುಮಾಸ್ತನಾಗಿ ಹೊಕ್ಕು
ಜನರಲ್ ಮ್ಯಾನೇಜರಾಗಿ ಹೊರಬಿದ್ದ
ಎಂ. ಮುನಿಶಾಮಪ್ಪ. ಮೂವತ್ತೇಳು ವರ್ಷ
ನೀಲಗಿರಿ ಸೌದೆಯ ಹೊಗೆ ಕುಡಿದ ಸಫಾರಿ ಸೂಟು,
ಎದೆಜೇಬಲ್ಲಿ ಹಸಿರು ಇಂಕಿನ ಪೆನ್ನು.

ಗೆಣ್ಣಿಗೆ ಭಾನುವಾರವೂ ರಜೆ ಇಲ್ಲ.
ಸಂತೆಯ ಕಲ್ಲಂಗಡಿ, ಹೊಸ ಬೀರು,
ಕೆಮ್ಮುವ ನನ್ನ ಬೆನ್ನು,
ಎಲ್ಲದರ ಮೇಲೂ ಟೊಕ್ ಟೊಕ್.
ಅಕ್ಕನನ್ನು ನೋಡಲು ಬಂದ ಹುಡುಗನಿಗೆ
ಮಾತಿನ ನಡುವೆ ಭುಜಕ್ಕೊಂದು ಬಿತ್ತು.
ಒಳಗೆ ಬಂದು ಅಮ್ಮನ ಕಿವಿಯಲ್ಲಿ,
"ಇನ್ನೂ ಒಂದಿನ ಗೂಡಲ್ಲಿರಬೇಕಿತ್ತು ಕಣೇ."
ಆದರೂ ಕೊಟ್ಟ.

ನಮ್ಮ ಮನೆಯಲ್ಲಿ ಬೇಕು ಅನ್ನುವುದೆಲ್ಲ ಅರ್ಜಿಯಲ್ಲೇ.
ಅಂತರಗಂಗೆ ಪ್ರವಾಸಕ್ಕೆ ಹದಿನೈದು ರೂಪಾಯಿ:
ಮೂಲೆಯಲ್ಲಿ ಹಸಿರಾಗಿ 'ಮಂಜೂರು'.
ಬೆಕ್ಕಿನ ಮರಿ ಸಾಕಲು:
'ತಾಯಿಯವರ ಅಭಿಪ್ರಾಯ ಪಡೆದು ಮಂಡಿಸುವುದು'.
ಆರೋಕ್ಯನನ್ನು ಮದುವೆಯಾಗುತ್ತೇನೆಂದು
ಫುಲ್‌ಸ್ಕೇಪ್ ಹಾಳೆಯಲ್ಲಿ ಬರೆದು
ಊಟದ ತಟ್ಟೆಯ ಕೆಳಗೆ ನಾನಿಟ್ಟಾಗ
ಎರಡು ತಿಂಗಳು ಕಡತ ಅಲುಗಲಿಲ್ಲ.
ಆಮೇಲೆ ಒಂದೇ ಪದ: 'ಮಾತಾಡಿ'.
ಮಾತಾಡಿದೆವು. ಮಾರಿಕುಪ್ಪಂ ಪ್ಯಾಸೆಂಜರಿನಲ್ಲಿ
ಟೇಕಲ್ ತನಕ ಸುಮ್ಮನೆ,
ಅಲ್ಲಿಂದಾಚೆ ಇಬ್ಬರೂ ಒಟ್ಟಿಗೆ.

ಹೆಂಚು ಮಾರಿದವನು
ತನ್ನ ಮನೆಗೆ ಆರ್‌ಸಿಸಿ ಹಾಕಿಸಿದ.
ನಕ್ಕವರಿಗೆ, "ನಂಗೆ ಲೆಕ್ಕ ಬರತ್ತಪ್ಪ."
ಆದರೆ ತಾರಸಿಯ ಮೇಲೆ,
ಅಮ್ಮ ಅವರೆ ಹಿತಕಲು ಕೂರುವ ಮೂಲೆಗೆ,
ನೂರಾಹತ್ತು ಹೆಂಚಿನ ಪುಟ್ಟ ಮಾಡು.
ಒಂದೊಂದನ್ನೂ ಬಡಿದು ಆರಿಸಿದ್ದು.

ಒಂದು ಪಟ್ಟಿಯ ಮಾತು ಮಾತ್ರ ಆಡುತ್ತಿರಲಿಲ್ಲ.
ಎರಡನೇ ಗೂಡು ಆರಿದ ವರ್ಷ
ನಲವತ್ತಮೂರು ಹೆಸರು, ಕೆಳಗೆ ಹಸಿರು ಸಹಿ.
ಅವತ್ತು ರಾತ್ರಿ ಮುದ್ದೆ ಮುರಿದು ಉಪ್ಸಾರಲ್ಲಿ ಅದ್ದಿ
ಹಾಗೇ ಹಿಡಿದುಕೊಂಡಿದ್ದ.
ಸಾರು ಮೊಣಕೈಗೆ ಇಳಿಯಿತು.

ಅವನನ್ನು ಅಂಗಳದಲ್ಲಿ ಮಲಗಿಸಿದ ದಿನ
ಆ ಪಟ್ಟಿಯ ಗಂಗುಲಪ್ಪ ಬಂದ.
ಗೇಟು ದಾಟಲಿಲ್ಲ. ನೀರು ಕೇಳಿದ, ಕುಡಿದ,
ಚೊಂಬು ಬೋರಲು ಹಾಕಿ ಹೋದ.
ಅದು ಏನಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಅಮ್ಮ ಮುಖ ಮುಟ್ಟಲಿಲ್ಲ, ಕಾಲು ಮುಟ್ಟಲಿಲ್ಲ,
ಆ ಗೆಣ್ಣನ್ನೇ ಸವರುತ್ತ ಕೂತಳು.
ಜಡ್ಡುಗಟ್ಟಿ
ಹುಣಿಸೆಬೀಜದ ಹಾಗಿತ್ತು.

ಹೋದ ವಾರ ಸಂತೆಯಲ್ಲಿ ಮಡಕೆ ಕೊಳ್ಳುವಾಗ
ನನ್ನ ಕೈ ನನ್ನನ್ನು ಕೇಳದೆ ಎದ್ದಿತು.
ಠಣ್.
ಮಾರುವ ಮುದುಕಿ ತಲೆಯೆತ್ತಿ ನೋಡಿ
ನೂರಿಪ್ಪತ್ತು ಅಂದಳು.
ಚೌಕಾಶಿ ಮಾಡದೆ ಕೊಟ್ಟುಬಂದೆ.
ಅಪ್ಪ ಇದ್ದಿದ್ದರೆ ಬೈದಿರುತ್ತಿದ್ದ,
ಎಂಬತ್ತಕ್ಕೆ ಬರುತ್ತಿತ್ತು.