ಎತ್ತಬೇಡ–೨

ಮೈನಸ್ ಇಪ್ಪತ್ತೆಂಟು. ಉಲಾನ್‌ಬಾತರಿನ ಸಂತೆಯಲ್ಲಿ
ಹಿಂಬದಿಯ ಸಾಲು, ನನ್ನದೊಂದು ಕಬ್ಬಿಣದ ಡಬ್ಬಿ ಅಂಗಡಿ.
ಯಾದಮ್‌ಸುರೆನ್ ಬಾಗಿಲು ತೆರೆದಾಗ
ಅವನಿಗಿಂತ ಮುಂಚೆ ಒಳಬಂದದ್ದು ಕಲ್ಲಿದ್ದಲ ಹೊಗೆ.
ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು
ನಿಲುವಂಗಿಯ ಎದೆಯೊಳಗಿಂದ ಎರಡು ಫೋನು ತೆಗೆದ:
ಒಂದು ಮಗಳು ಕೊಡಿಸಿದ್ದು, ಪೊರೆ ಇನ್ನೂ ಬಿಟ್ಟಿಲ್ಲ;
ಇನ್ನೊಂದು ಗುಂಡಿಗಳದ್ದು, ಐದರ ಅಂಕಿ ಸವೆದು ಬೋಳು.

'ಸಿಮ್ ಇದೇ ಇರಲಿ.'

ಕಂಪನಿಯವರು ಹೊಸದು ಕೊಡ್ತಾರೆ ಅಣ್ಣಾ,
ನಂಬರು ಅದೇ, ಕಾಸೂ ಇಲ್ಲ, ಅಂದೆ.
'ನಂಬರು ನನಗೆ ಬಾಯಿಪಾಠ. ಹೆಸರುಗಳು ಒಳಗಿವೆಯಲ್ಲ,
ಅವು ಬರುತ್ತವಾ?'

ಬರುವುದಿಲ್ಲ.

ತೊಂಬತ್ತೊಂಬತ್ತರಿಂದ ಶುರುವಾಗುವ ನಂಬರದು.
ಅದಕ್ಕಾಗಿ ಆ ಕಾಲಕ್ಕೆ ಎರಡು ಕುದುರೆ ಮಾರಿದನಂತೆ;
ಒಂದರ ಹೆಸರು ಹೇಳಿದ, ಇನ್ನೊಂದರದ್ದು ಹೇಳಲಿಲ್ಲ.

ಹೆಬ್ಬೆಟ್ಟಿನುಗುರಿನಷ್ಟಿದ್ದುದು
ಕಿರುಬೆರಳಿನುಗುರಿನಷ್ಟಾಗಬೇಕು.
ಪೆನ್ಸಿಲಿನಲ್ಲಿ ಗೆರೆ ಎಳೆದೆ. ಕತ್ತರಿ ಹಾಕುವಾಗ
ಅವನು ಮುಂದೆ ಬಾಗಿ, ಗೊರಸು ಕೆತ್ತುವವನ ಪಕ್ಕ
ಕುದುರೆಯ ಕಾಲು ಹಿಡಿದು ನಿಂತವನ ಹಾಗೆ
'ಹೂಂ, ಹೂಂ' ಅಂತ ಮೆಲ್ಲಗೆ ಸಮಾಧಾನ ಹೇಳಿದ
ನನಗೋ, ಸಿಮ್ಮಿಗೋ.

ತಟ್ಟೆಯಲ್ಲಿಟ್ಟು ತಳ್ಳಿದೆ. ದಪ್ಪ.
ಹಳೆಯವಲ್ಲವೇ, ಕೂದಲೆಳೆಯಷ್ಟು ದಪ್ಪ.
ಮರಳುಕಾಗದದ ಮೇಲೆ ಬೆನ್ನು ಉಜ್ಜಿದೆ,
ಶಾಲೆಯ ಮಕ್ಕಳ ರಬ್ಬರಿನಿಂದ ಚಿನ್ನದ ಮುಖ ಒರೆಸಿದೆ.
'ಸಿಮ್ ಇಲ್ಲ' ಅಂದಿತು ಫೋನು.
ಇದೆ, ಅಂದ ಅವನು, ಪರದೆಗೆ.
ಮತ್ತೆ ಒರೆಸಿದೆ. ಒಂದು ಕಡ್ಡಿ. ಎರಡು. ನಾಲ್ಕು.

ಬಂದವು ಹೆಸರುಗಳು,
ಹದಿನಾಲ್ಕು ಅಕ್ಷರಕ್ಕೆ ಕತ್ತರಿಸಿ ನಿಂತವು:
ದುಂಡು ದುಲ್ಮಾ. ಉಣ್ಣೆ ಸಾಹುಕಾ.
ಟೈರು, ರಾತ್ರಿಯೂ. ಬಾವಿಯ ಕೀಲಿ.
ಎತ್ತಬೇಡ. ಎತ್ತಬೇಡ ಎರಡು.
ಹೊಸ ಫೋನು ಸುಮ್ಮನಿರುತ್ತದೆಯೇ?
ಪ್ರತಿ ನಂಬರಿನ ಹಿಂದೆ ಈಗ ಯಾರ ಮನೆಯಿದೆ ಎಂದು ಹುಡುಕಿ
ಮುಖಗಳನ್ನು ತಂದು ಅಂಟಿಸಿತು.
ಉಣ್ಣೆ ಸಾಹುಕಾರನಿಗೆ ಒಂದು ಬೆಕ್ಕು.
ಬಾವಿಯ ಕೀಲಿಗೆ ಹುಡುಗಿಯೊಬ್ಬಳು,
ಕೆನೆ ಮೆತ್ತಿದ ಕೇಕು ಹಿಡಿದು ನಗುತ್ತಾ.

'ಇವಳಲ್ಲ ಅವನು. ಅವನಿಗೆ ಮೀಸೆ.'
ನಂಬರು ಕೈ ಬದಲಾಗಿರುತ್ತೆ, ಅಳಿಸಿಬಿಡಿ ಅಂದೆ.
ಅವನಾಗಲೇ ಕರೆ ಹಚ್ಚಿದ್ದ. ಸ್ಪೀಕರಿನಲ್ಲಿ ಹುಡುಗಿ:
'ಕೇಕು ಬೇಕಿತ್ತಾ?'
'ಬಾವಿ.'
ಒಂದು ಗಳಿಗೆ ಮೌನ; ಪಾತ್ರೆ ಕೆಳಗಿಟ್ಟ ಸದ್ದು.
'ಓ, ಬಾವಿಯವರು. ಪ್ರತಿ ವಸಂತದಲ್ಲೂ ಯಾರಾದರೂ ಕೇಳ್ತಾರೆ,
ಈ ಸಲ ಬೇಗ ಕೇಳಿದ್ರಿ.
ಕೀಲಿ ಈಗ ಗೊಂಬೋಜಾವ್ ಅವರ ಕಿರಿಮಗನ ಹತ್ತಿರ.
ಹಗ್ಗ ನೀವೇ ತರಬೇಕಂತೆ.'
'ನೀನು ಆ ಕಡೆಯವಳಾ?'
'ಗೋಬಿ ನಾನು ನೋಡೇ ಇಲ್ಲ' ಅಂದಳು,
ನಗರದವಳು, ಬಾವಿಯನ್ನೇ ಕಂಡವಳಲ್ಲ.

ಐದು ಸಾವಿರ ತುಗ್ರಿಕ್ ಕೇಳಿದೆ. ಮೂರು ಕೊಟ್ಟ.
ಮೇಜಿನ ಮೇಲೆ ಬಿದ್ದ ಪ್ಲಾಸ್ಟಿಕ್ ಚೌಕಟ್ಟು,
ನಡುವೆ ಖಾಲಿ ಕಿಟಕಿ,
ಅದನ್ನೂ ಹೆಕ್ಕಿ ನಶ್ಯದ ಚೀಲಕ್ಕೆ ಹಾಕಿಕೊಂಡ.
ಯಾಕೆ ಅಂತ ನಾನು ಕೇಳಲಿಲ್ಲ,
ಉಳಿದೆರಡು ಸಾವಿರದ ಸಿಟ್ಟು.

ಬಾಗಿಲಲ್ಲಿ ಎದೆಯೊಳಗೆ ಫೋನು ಕೂಗಿತು.
ತೆಗೆದು, ಕೈ ಚಾಚಿ ದೂರ ಹಿಡಿದು ಓದಿದ.
'ಎತ್ತಬೇಡ ಎರಡು' ಅಂತಿದೆ.
ನನ್ನ ಮುಖ ನೋಡಿದ:
'ಯಾಕೆ ಎತ್ತಬಾರದಿತ್ತು, ನೆನಪಿಲ್ಲವಲ್ಲ.'

ಚಳಿ ಒಳಗೆ ಬರುತ್ತಿತ್ತು.
ಅಣ್ಣಾ, ಎತ್ತಿ, ಇಲ್ಲವೇ ಬಾಗಿಲು ಹಾಕಿ, ಅಂದೆ.